ಕುಶಾಲನಗರದಿಂದ ಮಡಿಕೇರಿಗೆ ಚಳಿಗಾಲದ ಸ್ಕೂಟರ್ ಪ್ರಯಾಣ: ಯಾವ ಕೈಗವಸು ಕೊಳ್ಳಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೆಲಸದ ನಿಮಿತ್ತ ಮೈಸೂರಿನಿಂದ ಬಂದು ಕುಶಾಲನಗರದಲ್ಲಿ ಮನೆ ಮಾಡಿದ್ದೀರಿ, ದಿನವೂ ಬೆಳಿಗ್ಗೆ ಆರೂವರೆಗೆ ಸ್ಕೂಟರಿನಲ್ಲಿ ಮಡಿಕೇರಿಗೆ ಹೊರಡುತ್ತೀರಿ, ಹುತ್ತರಿ ಕಳೆದಂದಿನಿಂದ ಬೆರಳುಗಳು ಮರಗಟ್ಟುತ್ತಿವೆ, ಪೇಟೆಯಲ್ಲಿ ಕೊಂಡ ಉಣ್ಣೆಯ ಕೈಗವಸು ಹಾಕಿದರೂ ಹಾಕದಿದ್ದರೂ ಒಂದೇ ಎಂಬಂತಾಗಿದೆ. ಇನ್ನೂ ದಪ್ಪನೆಯದನ್ನು ಕೊಂಡರೆ ಸರಿಹೋದೀತೇ, ಅದೇ ಜೊತೆ ಜನವರಿಯ ಮನಾಲಿ ಪ್ರವಾಸಕ್ಕೂ ಆದೀತೇ ಎಂದು ಕೇಳಿದ್ದೀರಿ. ಸುಂಟಿಕೊಪ್ಪದ ಸಮೀಪದ ನಮ್ಮ ತೋಟದಿಂದ ಇದೇ ರಸ್ತೆಯಲ್ಲಿ 14 ಚಳಿಗಾಲ ಓಡಾಡಿದವನಾಗಿ ಹೇಳುತ್ತೇನೆ: ದಪ್ಪ ಬೇಡ. ಗಾಳಿಯನ್ನೂ ನೀರನ್ನೂ ತಡೆಯುವ ಒಂದು ಹೊರ ಕೈಗವಸು, ಅದರೊಳಗೆ ತೆಳುವಾದ ಉಣ್ಣೆಯದೊಂದು, ಇಷ್ಟನ್ನು ಕೊಳ್ಳಿ. ಮನಾಲಿಯ ವಿಷಯ ಬೇರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕೈಗವಸು ತಾನಾಗಿ ಕೈಗೆ ಶಾಖ ಕೊಡುವುದಿಲ್ಲ; ಕೈಯಲ್ಲಿರುವ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಹಾಗೆ ತಡೆಯುವುದೂ ಉಣ್ಣೆಯ ಎಳೆಗಳಿಗಿಂತ ಹೆಚ್ಚಾಗಿ ಆ ಎಳೆಗಳ ನಡುವೆ ಅಲುಗಾಡದೆ ನಿಂತಿರುವ ಗಾಳಿ. ಅಂಗಳದಲ್ಲಿ ನಿಂತು ಮಾತನಾಡುವವರಿಗೆ ಹೆಣಿಗೆಯ ಕೈಗವಸು ಧಾರಾಳವಾಗಿ ಸಾಕು. ಸ್ಕೂಟರ್ ಹೊರಟಿತೆಂದರೆ ಎದುರುಗಾಳಿ ಹೆಣಿಗೆಯ ಕಣ್ಣುಗಳಲ್ಲಿ ನುಗ್ಗಿ ಒಳಗಿನ ಬೆಚ್ಚನೆಯ ಗಾಳಿಯನ್ನು ಕ್ಷಣಕ್ಷಣಕ್ಕೂ ಹೊರದೂಡುತ್ತಿರುತ್ತದೆ. ಉಷ್ಣಾಂಶ 10 ಡಿಗ್ರಿ ಇರುವಾಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ, ಹವಾಮಾನ ಶಾಸ್ತ್ರಜ್ಞರು ಬಳಸುವ ಲೆಕ್ಕದಂತೆ, ಬರಿಯ ಚರ್ಮಕ್ಕೆ ಅದು ಸುಮಾರು 6 ಡಿಗ್ರಿಯ ಚಳಿಯಾಗಿ ತಾಗುತ್ತದೆ. ನಿಮ್ಮ ಕೈಗವಸನ್ನು ಪರೀಕ್ಷಿಸುವುದು ಸುಲಭ: ಅದನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ, ಆಚೆ ಬದಿಗೆ ಅಂಗೈ ಒಡ್ಡಿ. ಉಸಿರು ಅಂಗೈಗೆ ತಾಗಿದರೆ ರಸ್ತೆಯ ಗಾಳಿಯೂ ತಾಗುತ್ತದೆ ಎಂದೇ ಅರ್ಥ. ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಚಿಂತೆಯಿಲ್ಲ, ನಾನು ಹೀಗೆ ಊದಿ ನೋಡದೆ ಯಾವುದನ್ನೂ ಕೊಳ್ಳುವುದಿಲ್ಲ.

ಎರಡನೆಯ ತೊಂದರೆ ಮಂಜಿನದು. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿ.ಮೀ. ದಾರಿಯಲ್ಲಿ ರಸ್ತೆ 300 ಮೀಟರಿನಷ್ಟು ಮೇಲೇರುತ್ತದೆ. ಕೆಳಗೆ ಒಣಗಿದ ಕೈಯಲ್ಲಿ ಹೊರಟವರು ಕೆದಕಲ್, ಬೋಯಿಕೇರಿ ದಾಟುವಷ್ಟರಲ್ಲಿ ಎಷ್ಟೋ ದಿನ ಮಂಜಿನೊಳಗೇ ಹೋಗುತ್ತಿರುತ್ತಾರೆ. ಮೊದಲ ಚಳಿಗಾಲದಲ್ಲಿ ನನ್ನ ಬಳಿಯೂ ನಿಮ್ಮಂತಹುದೇ ಹೆಣಿಗೆಯ ಕೈಗವಸಿತ್ತು. ಒಂದು ಬೆಳಿಗ್ಗೆ ನೋಡಿದರೆ ಅದರ ಒಂದೊಂದು ನವಿರು ಎಳೆಯ ತುದಿಯಲ್ಲೂ ಸಾಸಿವೆಗಿಂತ ಚಿಕ್ಕ ಹನಿಗಳು ನಿಂತು, ಕೈ ಪೂರ್ತಿ ಬೂದಿ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತೆನ್ನಿ. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಗೆ ಗಾಳಿ ಬಡಿದಾಗ ಆ ನೀರು ಆವಿಯಾಗುತ್ತಾ ಮತ್ತಷ್ಟು ಶಾಖವನ್ನು ಎಳೆದುಕೊಳ್ಳುತ್ತದೆ. ಮಡಿಕೇರಿಯ ಚಹಾದಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಹೆಲ್ಮೆಟ್ಟಿನ ಕೊಕ್ಕೆ ಬಿಚ್ಚಲು ಬೆರಳುಗಳು ನನ್ನ ಮಾತು ಕೇಳಲಿಲ್ಲ. ಅಂಗಡಿಯವರೇ ಹೊರಗೆ ಬಂದು, ಮಗುವಿಗೆ ಬಿಚ್ಚುವಂತೆ, ಗಲ್ಲದ ಕೆಳಗಿನ ಪಟ್ಟಿಯನ್ನು ಬಿಚ್ಚಿದರು. ಕೊಕ್ಕೆ ಬಿಚ್ಚಲಾಗದ ಬೆರಳಿನಿಂದ ಆ ತಿರುವುಗಳಲ್ಲಿ ಬ್ರೇಕ್ ಹಿಡಿಯುತ್ತಿದ್ದೆನೆಂಬುದು ಹೊಳೆದದ್ದು ಚಹಾ ಕುಡಿದ ಮೇಲೆ.

ಆದ್ದರಿಂದ ಹೊರ ಕೈಗವಸಿನ ಆಯ್ಕೆಯಲ್ಲಿ ಜಿಪುಣತನ ಮಾಡಬೇಡಿ. ದ್ವಿಚಕ್ರ ವಾಹನ ಸವಾರರಿಗೆಂದೇ ಮಾಡಿದ, ಅಂಗೈ ಭಾಗಕ್ಕೆ ಚರ್ಮವಿರುವ, ಒಳಗೆ ನೀರು ತಡೆಯುವ ತೆಳುವಾದ ಪೊರೆಯಿರುವ ಕೈಗವಸು ನೋಡಿ. ಚೀಟಿಯ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಅದು ತುಂತುರಿಗೆ ಸಾಕು, ಅರ್ಧ ಗಂಟೆಯ ಮಂಜಿಗೆ ಸಾಲದು. ‘ವಾಟರ್‌ಪ್ರೂಫ್’ ಎಂದೇ ಇರಬೇಕು. ಐರೋಪ್ಯ ಮಾನಕದ ಇಎನ್ 13594 ಎಂಬ ಗುರುತು ಇದ್ದರೆ ಬಿದ್ದಾಗ ಉಜ್ಜುವಿಕೆಯನ್ನು ಅದು ಎಷ್ಟರಮಟ್ಟಿಗೆ ತಾಳುತ್ತದೆ ಎಂಬ ಪರೀಕ್ಷೆ ನಡೆದಿರುತ್ತದೆ, ಆದರೆ ಬೆಚ್ಚಗಿರುವುದಕ್ಕೂ ಆ ಗುರುತಿಗೂ ಸಂಬಂಧವಿಲ್ಲ. ತೋಳಿನ ಭಾಗ ಉದ್ದವಾಗಿ ಮಣಿಕಟ್ಟನ್ನು ದಾಟಿ ಜಾಕೆಟ್ಟಿನ ತೋಳಿನ ಮೇಲೆ ಕೂರಬೇಕು. ಮಣಿಕಟ್ಟಿನಲ್ಲಿ ರಕ್ತನಾಳಗಳು ಚರ್ಮಕ್ಕೆ ತೀರಾ ಸಮೀಪದಲ್ಲಿ ಹಾದುಹೋಗುವುದರಿಂದ ಅಲ್ಲಿ ಎರಡು ಬೆರಳಗಲ ಬರಿಯ ಚರ್ಮ ಗಾಳಿಗೆ ಬಿದ್ದರೂ ಬೆರಳಿಗೆ ಹೋಗುವ ರಕ್ತ ದಾರಿಯಲ್ಲೇ ತಣಿಯುತ್ತದೆ. ಮೊಬೈಲ್ ಪರದೆಗೆ ಸ್ಪಂದಿಸುವ ತುದಿಯಿದೆ ಎಂಬುದಕ್ಕೆ ಹೆಚ್ಚು ಹಣ ಕೊಡಬೇಡಿ. ಸ್ಕೂಟರ್ ಓಡಿಸುವಾಗ ಅದರ ಅಗತ್ಯವೇ ಬರಬಾರದು.

ಒಳಗಿನ ತೆಳು ಕೈಗವಸಿಗೆ ನನ್ನ ಮತ ಅಪ್ಪಟ ಉಣ್ಣೆಗೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ. ಬೆವರಿದ ಅಂಗೈಗೆ ಇದು ದೊಡ್ಡ ಉಪಕಾರ. ಹತ್ತಿಯದು ಹಾಗಲ್ಲ, ಬೆವರು ಕುಡಿದು ತಣ್ಣಗೆ ಅಂಟಿಕೊಳ್ಳುತ್ತದೆ. ಬೈಲುಕುಪ್ಪೆಯ ಅಂಗಡಿಗಳಲ್ಲೂ ಮಡಿಕೇರಿಯ ಶುಕ್ರವಾರದ ಸಂತೆಯಲ್ಲೂ ಉಣ್ಣೆಯೆಂದು ಮಾರಾಟವಾಗುವುದರಲ್ಲಿ ಬಹುಪಾಲು ಅಕ್ರಿಲಿಕ್ ನೂಲು ಎಂಬುದು ನನ್ನ ಅನುಭವ. ಮಾರುವವರನ್ನು ದೂರಿ ಫಲವಿಲ್ಲ, ನಮ್ಮ ಮಾತಿನಲ್ಲಿ ಚಳಿಗೆ ಹಾಕುವುದೆಲ್ಲ ಉಣ್ಣೆಯೇ ಅಲ್ಲವೇ. ಮಣಿಕಟ್ಟಿನ ಅಂಚಿನಿಂದ ಒಂದಿಂಚು ಎಳೆಯನ್ನು ಕಿತ್ತು ಮನೆಯಲ್ಲಿ ಕಡ್ಡಿ ಗೀರಿ ನೋಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಕರಿಯನ್ನು ಉಳಿಸುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಸಿಗದಿದ್ದರೆ ತೆಳುವಾದ ಫ್ಲೀಸ್ ಬಟ್ಟೆಯದು ಎರಡನೆಯ ಆಯ್ಕೆ. ತೊಳೆದರೆ ಬೇಗ ಒಣಗುತ್ತದೆ ಎಂಬುದು ಅದರ ಗುಣ.

ಅಳತೆಯ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಹೆಬ್ಬೆರಳನ್ನು ಬಿಟ್ಟು, ಬೆರಳುಗಳ ಬುಡದ ಗೆಣ್ಣುಗಳ ಸುತ್ತ ಟೇಪು ಹಿಡಿದು ಅಳೆಯಿರಿ. ಬಂದ ಇಂಚುಗಳೇ ಸಾಮಾನ್ಯವಾಗಿ ಕೈಗವಸಿನ ಅಳತೆಯ ಸಂಖ್ಯೆ, 8 ಇಂಚು ಬಂದರೆ 8 ಎಂದು. ಆದರೆ ಹೊರ ಕೈಗವಸಿನ ಅಳತೆಯನ್ನು ಒಳಗಿನದನ್ನು ತೊಟ್ಟುಕೊಂಡೇ ನೋಡಬೇಕು. ಬಿಗಿಯಾದರೆ ಒಳಗಿನ ಗಾಳಿಯ ಪದರ ಹಿಂಡಿಹೋಗುತ್ತದೆ, ರಕ್ತದ ಓಡಾಟಕ್ಕೂ ಅಡ್ಡಿ. ಎಂಥ ದುಬಾರಿ ಕೈಗವಸೂ ಬಿಗಿಯಾದರೆ ತಣ್ಣಗೇ. ಸಡಿಲವಾದರೆ ಬ್ರೇಕಿನ ಮೇಲೆ ತೋರುಬೆರಳು ಜಾರುತ್ತದೆ. ತೊಟ್ಟ ಮೇಲೆ ಬೆರಳಿನ ತುದಿಯಲ್ಲಿ ಭತ್ತದ ಕಾಳಿನಷ್ಟು ಜಾಗ ಉಳಿಯಬೇಕು, ಮುಷ್ಟಿ ಹಿಡಿದಾಗ ಗೆಣ್ಣಿನ ಮೇಲೆ ಹೊಲಿಗೆ ಎಳೆಯಬಾರದು. ಅಂಗಡಿಯ ಹೊರಗೆ ನಿಂತ ನಿಮ್ಮ ಸ್ಕೂಟರಿನ ಹತ್ತಿರ ಹೋಗಿ ಬ್ರೇಕ್ ಹಿಡಿದು, ಇಂಡಿಕೇಟರಿನ ಗುಂಡಿಯನ್ನು ಕಣ್ಣು ಹಾಯಿಸದೆ ಒತ್ತಿ ನೋಡಿ. ದಪ್ಪನೆಯದು ಬೇಡವೆಂದು ನಾನು ಹೇಳಿದ್ದು ಈ ಕಾರಣಕ್ಕೂ ಹೌದು. ನಮ್ಮ ತೋಟಕ್ಕೆ ಕಾಫಿ ಕೊಯ್ಯಲು ಬರುವ ಹೆಂಗಸರು ಹಳೆಯ ಕೈಗವಸಿನ ಬೆರಳ ತುದಿಗಳನ್ನು ಕತ್ತರಿಸಿ ಹಾಕಿಕೊಳ್ಳುತ್ತಾರೆ, ಹಣ್ಣಿನ ಸ್ಪರ್ಶ ತಿಳಿಯಬೇಕಲ್ಲ. ಅದನ್ನು ನೋಡಿ ಸ್ಕೂಟರಿಗೂ ಹಾಗೆ ಮಾಡಲು ಹೋಗಬೇಡಿ, ಮೊದಲು ಸಾಯುವುದು ತುದಿಗಳೇ.

ಇದೆಲ್ಲ ಇದ್ದೂ ಬೆರಳು ಮರಗಟ್ಟಿದರೆ ಎದೆಯತ್ತ ಗಮನಿಸಿ. ಮೈ ತಣ್ಣಗಾದಾಗ ದೇಹವು ಒಳಗಿನ ಅಂಗಾಂಗಗಳ ಶಾಖವನ್ನು ಕಾಯಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ; ಹಾಗಾಗಿ ಗಾಳಿ ನುಗ್ಗುವ ಸ್ವೆಟರಿನಲ್ಲಿ ಹೊರಟವರ ಕೈಯನ್ನು ಕೈಗವಸೊಂದೇ ಬೆಚ್ಚಗಿಡಲಾರದು. ಸಣ್ಣ ಚಳಿಗೂ ಬೆರಳುಗಳು ಮೊದಲು ಬಿಳುಪೇರಿ, ಆಮೇಲೆ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗಿ ಜುಮುಗುಡುವುದು ನಿಮಗಿದ್ದರೆ ವೈದ್ಯರಿಗೆ ತೋರಿಸಿ, ಅದು ರೇನಾಡ್ ಎಂಬ ತೊಂದರೆಯಿರಬಹುದು. ಮರಗಟ್ಟಿದ ಕೈಯನ್ನು ಒಲೆಯ ಮೇಲೆ ಹಿಡಿಯಬೇಡಿ, ಸುಟ್ಟರೂ ತಿಳಿಯುವುದಿಲ್ಲ, ಕಂಕುಳಲ್ಲಿ ಇಟ್ಟುಕೊಳ್ಳಿ.

ಇನ್ನು ಮನಾಲಿ. ಅದು ಸುಮಾರು 2,050 ಮೀ. ಎತ್ತರದಲ್ಲಿದೆ, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ, ಅಟಲ್ ಸುರಂಗದ ಆಚೆ ಹೋದರೆ ಹಿಮದಲ್ಲೇ ಕೈಯಾಡಿಸುತ್ತೀರಿ. ಸವಾರಿಯ ಕೈಗವಸು ಅಲ್ಲಿಗೆ ಸಾಲದು. ಸೇನೆಯಲ್ಲಿದ್ದು ನಿವೃತ್ತರಾದ ನಮ್ಮ ದೊಡ್ಡಪ್ಪ ಎತ್ತರದ ಗಡಿಯಲ್ಲಿ ಕಲಿತದ್ದನ್ನು ಈಗಲೂ ಹೇಳುತ್ತಿರುತ್ತಾರೆ: ಬೆರಳುಗಳು ಬೇರೆ ಬೇರೆ ಇದ್ದಷ್ಟೂ ಬೇಗ ತಣಿಯುತ್ತವೆ, ಒಟ್ಟಿಗಿದ್ದರೆ ಒಂದನ್ನೊಂದು ಕಾಯಿಸುತ್ತವೆ. ಅದಕ್ಕೆ ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೂ ಸೇರಿ ಒಂದು ಮನೆಯಿರುವ ಮಿಟನ್ ಕೊಳ್ಳಿ, ಒಳಗೆ ನಿಮ್ಮ ಅದೇ ಉಣ್ಣೆಯದು ಇರಲಿ. ಫೋಟೊ ತೆಗೆಯಲು ಹೊರಗಿನದನ್ನು ಕಳಚಿದರೂ ಕೈ ಬರಿದಾಗುವುದಿಲ್ಲ. ಮಣಿಕಟ್ಟಿಗೆ ಸಿಕ್ಕಿಸುವ ದಾರವಿದ್ದರೆ ಗಾಳಿಗೆ ಹಾರಿಹೋಗದು. ಕೆಲವು ಕೈಗವಸುಗಳ ಮೇಲೆ ಹಿಮದ ಹರಳಿನ ಚಿತ್ರವೂ ಇಎನ್ 511 ಎಂಬ ಗುರುತೂ ಅದರ ಕೆಳಗೆ ಮೂರು ಅಂಕಿಗಳೂ ಇರುತ್ತವೆ: ಮೊದಲನೆಯದು ಗಾಳಿಯ ಚಳಿಗೆ, ಎರಡನೆಯದು ತಣ್ಣನೆಯ ವಸ್ತುವನ್ನು ಮುಟ್ಟಿದಾಗಿನ ಚಳಿಗೆ, ಎರಡಕ್ಕೂ 4 ಅತಿ ಹೆಚ್ಚು, ಮೂರನೆಯದು 1 ಇದ್ದರೆ ನೀರು ತಡೆಯುತ್ತದೆ. ನಾಲ್ಕು ದಿನಕ್ಕಾಗಿ ಕೊಳ್ಳುವುದು ದುಬಾರಿ ಎನಿಸಿದರೆ ಮನಾಲಿಯಲ್ಲಿ ಹಿಮದ ಉಡುಪಿನೊಂದಿಗೆ ಬಾಡಿಗೆಗೆ ಸಿಗುತ್ತದೆ, ಒಳಗಿನದು ಮಾತ್ರ ನಿಮ್ಮದೇ ಇರಲಿ.

ಒದ್ದೆಯಾದ ಚರ್ಮದ ಕೈಗವಸನ್ನು ಒಲೆಯ ಬಳಿ ಒಣಗಿಸಬೇಡಿ. ನನ್ನದೊಂದು ಜೊತೆ ಹೀಗೆಯೇ ಒಂದು ರಾತ್ರಿಯಲ್ಲಿ ಹಪ್ಪಳದಂತೆ ಸೆಟೆದುಕೊಂಡಿತು, ಎಣ್ಣೆ ಹಚ್ಚಿದರೂ ಬಗ್ಗಲಿಲ್ಲ. ಒಳಗೆ ಹಳೆಯ ಪತ್ರಿಕೆಯನ್ನು ತುರುಕಿ ನೆರಳಿನಲ್ಲಿಡಿ, ಜೂನ್ ಬರುವ ಮೊದಲು ಗಾಳಿಯಾಡದ ಡಬ್ಬಿಗೆ ಹಾಕಿ. ಇಲ್ಲಿಯ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚರ್ಮಕ್ಕೆ ಹದಿನೈದು ದಿನದಲ್ಲಿ ಬೂಷ್ಟು ಹಿಡಿಯುತ್ತದೆ.