ಬಿಳಿ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಿ, ಮಾಧ್ಯಮ ಆಮೇಲೆ ಆರಿಸಿ

ಪಿಯುಸಿ ಮುಗಿಸಿ ಕಲಬುರಗಿಯಲ್ಲಿ ಬಿ.ವಿ.ಎ. (ದೃಶ್ಯಕಲೆಯ ಪದವಿ) ಸೇರುತ್ತಿದ್ದೀರಿ. ಇಲ್ಲಿಯವರೆಗೆ ಪೆನ್ಸಿಲ್ ಶೇಡಿಂಗ್ ಬಿಟ್ಟು ಬೇರೇನೂ ಮುಟ್ಟಿಲ್ಲ. ಮೊದಲ ವರ್ಷ ಇದ್ದಿಲು, ವಾಟರ್ ಕಲರ್, ಲಿನೋ (ಮೆತ್ತನೆಯ ಹಾಳೆ ಕೆತ್ತಿ ಅಚ್ಚು ಒತ್ತುವುದು), ಮಣ್ಣು ಎಲ್ಲಾ ಮಾಡಿಸುತ್ತಾರಂತೆ. ಒಂದನ್ನೇ ಹಿಡಿದು ಕೈ ಪಳಗಿಸಿಕೊಂಡರೆ ಸಾಲದಾ, ಎಲ್ಲ ಸಾಮಾನು ಕೊಳ್ಳೋದು ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ.

ನಾನು ಇಲ್ಲೇ ಪೇಂಟಿಂಗ್ ವಿಭಾಗದಲ್ಲಿ ಕೊನೇ ವರ್ಷದಲ್ಲಿದ್ದೇನೆ. ನನ್ನ ಪ್ರಕಾರ ಮೊದಲ ವರ್ಷ ಒಂದನ್ನೇ ಹಿಡಿಯಬೇಡಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿರಲಿ ಅಂತ ಈ ಮಾತು ಹೇಳುತ್ತಿಲ್ಲ. ಒಂದೊಂದು ಮಾಧ್ಯಮದಲ್ಲಿ ಬಿಳಿ ಒಂದೊಂದು ಕಡೆಯಿಂದ ಬರುತ್ತದೆ. ಅದು ಬದಲಾದ ತಕ್ಷಣ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕವೇ ಬದಲಾಗುತ್ತದೆ. ಪೆನ್ಸಿಲ್ ಒಂದರಲ್ಲೇ ಇದ್ದವರಿಗೆ ಇದು ತಲೆಗೇ ಬರುವುದಿಲ್ಲ. ಯಾಕೆಂದರೆ ಪೆನ್ಸಿಲ್‌ನಲ್ಲಿ ನಾವು ಕಪ್ಪನ್ನು ಮಾತ್ರ ನೋಡುತ್ತಿರುತ್ತೇವೆ. ಒಂದು ಕಣ್ಣು ಪೂರ್ತಿ ತೀಡಿ, ಆಮೇಲೆ ಇನ್ನೊಂದು ಕಣ್ಣು, ಆಮೇಲೆ ಮೂಗು. ಮೊಬೈಲ್‌ನಲ್ಲಿರುವ ಫೋಟೋ ನೋಡಿ ಹೀರೋಗಳ ಮುಖ ಬರೆಯುವವರೆಲ್ಲ ಹೀಗೇ ಮಾಡುವುದು. ಹುಬ್ಬಿನ ಕೂದಲು ಕೂಡ ಎಣಿಸಬಹುದು, ಆದರೆ ಬೆಳಕು ಎಡದಿಂದಲೋ ಬಲದಿಂದಲೋ ಗೊತ್ತಾಗುವುದಿಲ್ಲ.

ಆ ಅಭ್ಯಾಸವನ್ನು ಬಿಡಿಸುವುದು ಇದ್ದಿಲು. ನಮಗೆ ಮೊದಲು ಹೇಳಿದ್ದು, ಹಾಳೆಯನ್ನೆಲ್ಲ ಇದ್ದಿಲಿನಿಂದ ಉಜ್ಜಿ ಬೂದು ಮಾಡಿ, ಆಮೇಲೆ ರಬ್ಬರ್‌ನಿಂದ ಬರೆಯಿರಿ ಅಂತ. ಬೆಳಕು ಬಿದ್ದ ಕಡೆ ಒರೆಸಿ ತೆಗೆಯಬೇಕು. ಹಣೆ, ಮೂಗಿನ ದಿಂಡು, ಕೆಳತುಟಿ. ಗೆರೆಯೇ ಇಲ್ಲದೆ ಮುಖ ಎದ್ದು ಬರುತ್ತದೆ. ಅದಕ್ಕೆ ಕೈಯಲ್ಲಿ ನಾದಿಕೊಳ್ಳುವ ಮೆತ್ತನೆಯ ರಬ್ಬರ್ ಬೇಕು, ಗಟ್ಟಿ ರಬ್ಬರ್ ಹಾಳೆಯ ಮೈ ಕೆರೆಯುತ್ತದೆ.

ಇದ್ದಿಲಿಗೆ ದುಡ್ಡೂ ಹಾಕಬೇಕಿಲ್ಲ. ನಮ್ಮದು ತೊಗರಿಯ ನಾಡು, ರಾಶಿ ಆದ ಮೇಲೆ ಯಾರ ಹೊಲದಲ್ಲಿ ಬೇಕಾದರೂ ತೊಗರಿ ಕಟ್ಟಿಗೆ ಸಿಗುತ್ತದೆ. ಬೆರಳಿಗಿಂತ ಸಣ್ಣ ಕಡ್ಡಿಗಳ ತೊಗಟೆ ಸುಲಿದು, ಒಂದು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಒಂದು ಸಣ್ಣ ತೂತು ಹೊಡೆದು, ಸಂದಿಗೆಲ್ಲ ಮಣ್ಣು ಮೆತ್ತಿ ಕುಳ್ಳಿನ ಬೆಂಕಿಯಲ್ಲಿ ಇಡಿ. ತೂತಿನಿಂದ ಹೊಗೆ ಬರುವುದು ನಿಂತರೆ ಆಯಿತು. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ, ಗಾಳಿ ತಾಗಿದರೆ ಕಡ್ಡಿ ಉರಿದು ಬೂದಿ ಆಗುತ್ತದೆ. ಅಂಗಡಿಯ ಇದ್ದಿಲಿಗಿಂತ ಮೆತ್ತಗಿರುತ್ತದೆ, ಬೇಗ ಮುರಿಯುತ್ತದೆ, ಆದರೆ ಹಾಳೆ ತುಂಬಿಸಲು ಬೇಕಾದಷ್ಟಾಯಿತು.

ಇನ್ನು ವಾಟರ್ ಕಲರ್. ಸ್ಕೂಲ್ ಮಕ್ಕಳ ಕೈಗೆ ಮೊದಲು ಕೊಡುವ ಬಣ್ಣ ಇದೇ ಅಲ್ವಾ, ಹಾಗಾಗಿ ಸುಲಭ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಕಾಲೇಜಿನಲ್ಲಿ ಕಲಿಸುವ ಎಲ್ಲದರಲ್ಲೂ ಕಷ್ಟದ್ದು ಇದು. ಇಲ್ಲಿ ಬಿಳಿ ಅಂದರೆ ಹಾಳೆಯೇ. ಬೆಳಕು ಎಲ್ಲೆಲ್ಲಿ ಬೇಕು ಅಂತ ಕುಂಚ ಅದ್ದುವ ಮೊದಲೇ ತೀರ್ಮಾನ ಆಗಿರಬೇಕು. ತಿಳಿಯಿಂದ ಕಡುವಿಗೆ ಹೋಗಬಹುದು, ವಾಪಸ್ ಬರಲು ದಾರಿ ಇಲ್ಲ. ನಮ್ಮ ಬ್ಯಾಚಿನ ಒಬ್ಬ ಹುಡುಗ ಬಾಕ್ಸ್‌ನಲ್ಲಿ ವೈಟ್ ಟ್ಯೂಬ್ ಹುಡುಕುತ್ತಿದ್ದಾಗ ಸರ್ ಹೇಳಿದ್ದು ಇನ್ನೂ ನೆನಪಿದೆ: "ಹಾಳಿ ಬೆಳ್ಳಗ ಅದಲ್ಲೋ, ಮತ್ಯಾಕ ಬಿಳಿ ಬಣ್ಣ ಹುಡುಕ್ಲಿಕತ್ತಿ?"

ಇದರ ಜೊತೆ ನಮ್ಮ ಕಡೆಯ ಬಿಸಿಲು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಗಾಳಿಯಲ್ಲಿ ತೇವ ಅನ್ನುವುದೇ ಇರುವುದಿಲ್ಲ. ಆಕಾಶದ ವಾಷ್ (ತೆಳು ಬಣ್ಣದ ನೀರನ್ನು ಒಂದೇ ಸಮ ಹರಡುವುದು) ಎಡಗಡೆಯಿಂದ ಶುರು ಮಾಡಿದರೆ ಬಲಗಡೆ ಮುಟ್ಟುವಷ್ಟರಲ್ಲಿ ಮೊದಲಿನ ಅಂಚು ಒಣಗಿ ಗೆರೆ ಕಟ್ಟಿರುತ್ತದೆ. ಮಳೆ ನಾಡಿನವರು ಮಾಡಿದ ವಾಟರ್ ಕಲರ್ ವಿಡಿಯೋ ನೋಡಿ ಇಲ್ಲಿ ಹಾಗೇ ಮಾಡಲು ಹೋದರೆ ಆಗುವುದಿಲ್ಲ. ಅವರು "ಸ್ವಲ್ಪ ಒಣಗಲಿ, ಕಾಯಿರಿ" ಅನ್ನುತ್ತಾರೆ, ನಮಗೆ ಕಾಯಲು ಪುರುಸೊತ್ತೇ ಇಲ್ಲ. ಇಲ್ಲಿ ನಡೆಯುವುದು ಇದು: ಹಾಳೆಯ ಎರಡೂ ಮೈ ಒದ್ದೆ ಮಾಡಿ ನೆಲದ ಶಹಾಬಾದ್ ಕಲ್ಲಿನ ಮೇಲೆ ಅಂಟಿಸಿಬಿಡಿ. ಕಲ್ಲು ತಣ್ಣಗಿರುತ್ತದೆ, ಕೆಳಗಿನ ನೀರು ಬೇಗ ಆರುವುದಿಲ್ಲ, ವಾಷ್ ಮುಗಿಸಲು ಸಮಯ ಸಿಗುತ್ತದೆ. ಬಣ್ಣದ ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿದರೂ ಒಣಗುವುದು ತಡ ಆಗುತ್ತದೆ. ಜಾಸ್ತಿ ಹಾಕಿದರೆ ಚಿತ್ರ ಎಷ್ಟು ದಿನ ಆದರೂ ಅಂಟಂಟು. ಫ್ಯಾನ್ ಆಫ್ ಮಾಡಿ. ಇದೊಂದನ್ನು ಹಾಸ್ಟೆಲ್ ರೂಮ್‌ಮೇಟ್‌ಗೆ ಒಪ್ಪಿಸುವುದು ವಾಷ್‌ಗಿಂತ ಕಷ್ಟ. ಹಾಳೆ ಮಾತ್ರ ದಪ್ಪದ್ದು, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ 300 ಜಿಎಸ್‌ಎಂ ಇರಲಿ. ಬಣ್ಣದಲ್ಲಿ ಉಳಿಸಿ, ಹಾಳೆಯಲ್ಲಿ ಉಳಿಸಬೇಡಿ.

ಪೋಸ್ಟರ್ ಕಲರ್ ಬಗ್ಗೆ ಹೇಳುವಾಗ ನಮ್ಮೂರಿನವರೇ ಆದ ಎಸ್.ಎಂ. ಪಂಡಿತರನ್ನು ಬಿಡುವುದು ಹೇಗೆ? ಊರಿನಲ್ಲಿ ಹೆಚ್ಚಿನವರಿಗೆ ಆ ಹೆಸರು ಗೊತ್ತಿರುವುದು ಅವರ ಹೆಸರಿನ ರಂಗಮಂದಿರದಿಂದ. ಪಂಡಿತರು 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಕಲಿತು, ಸಿನಿಮಾ ಪೋಸ್ಟರ್, ಟಾಕೀಸಿನಲ್ಲಿ ತೂಗುಹಾಕುವ ಶೋಕಾರ್ಡ್, ಕ್ಯಾಲೆಂಡರ್‌ಗಳಿಂದ ಹೆಸರಾದವರು. ಆ ಶೋಕಾರ್ಡ್‌ಗಳನ್ನು ಮಾಡುತ್ತಿದ್ದದ್ದು ಗ್ವಾಷ್‌ನಲ್ಲಿ. ಪೋಸ್ಟರ್ ಕಲರ್‌ನಂಥದ್ದೇ, ನೀರಿನಲ್ಲಿ ಕಲಸುವ ಬಣ್ಣ, ಆದರೆ ಪಾರದರ್ಶಕ ಅಲ್ಲ. ಕೆಳಗಿನ ಬಣ್ಣವನ್ನು ಮುಚ್ಚುತ್ತದೆ. ಅಂದರೆ ಬಿಳಿಯನ್ನು ಕೊನೆಗೆ ಇಡಬಹುದು. ಒಡವೆಯ ಮಿಂಚು, ಕಣ್ಣಿನ ಹೊಳಪು, ರೇಷ್ಮೆಯ ಅಂಚು ಎಲ್ಲಾ ಕೊನೆಯ ಗೀಟುಗಳು. ಇದರಲ್ಲಿ ಕಾಡುವ ವಿಷಯ ಒಂದೇ: ಒದ್ದೆ ಇದ್ದಾಗಿನ ಬಣ್ಣ ಒಣಗಿದ ಮೇಲೆ ಇರುವುದಿಲ್ಲ. ತಿಳಿ ಬಣ್ಣಗಳು ಒಣಗಿ ತುಸು ಕಡು ಆಗುತ್ತವೆ, ಕಡು ಬಣ್ಣಗಳು ತುಸು ತಿಳಿ ಆಗುತ್ತವೆ. ಹಾಗಾಗಿ ಚೂರು ಹಾಳೆ ಪಕ್ಕದಲ್ಲಿಟ್ಟುಕೊಂಡು, ಒಂದು ಗೀಟು ಎಳೆದು, ಒಣಗಿಸಿ ನೋಡಿ ಆಮೇಲೆ ಚಿತ್ರಕ್ಕೆ ಹಚ್ಚಬೇಕು.

ಆಯಿಲ್ ಎರಡನೇ ವರ್ಷಕ್ಕೆ ಬಂದರೆ ಒಳ್ಳೆಯದು, ನಮಗೂ ಹಾಗೇ ಬಂತು. ಅದರಲ್ಲಿ ಕಡುವಿನಿಂದ ತಿಳಿಗೆ ಹೋಗುತ್ತೇವೆ, ವಾಟರ್ ಕಲರ್‌ಗೆ ಪೂರ್ತಿ ಉಲ್ಟಾ. ಮೊದಲ ಪದರಕ್ಕೆ ಟರ್ಪೆಂಟೈನ್ ಜಾಸ್ತಿ, ಮೇಲಿನ ಪದರಕ್ಕೆ ಅಗಸೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಒಣಗುವಾಗ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹಿಡಿದು ಗಟ್ಟಿ ಆಗುವುದು. ಹಾಗೆ ಗಟ್ಟಿ ಆಗುವಾಗ ಬಿಸಿ ಹುಟ್ಟುತ್ತದೆ. ಅದಕ್ಕೇ ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ನಮ್ಮ ಬೇಸಿಗೆಯಲ್ಲಂತೂ ಇದು ಸುಮ್ನೆ ಹೆದರಿಸುವ ಮಾತಲ್ಲ. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಅಕ್ರಿಲಿಕ್ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ನಮ್ಮ ಬಿಸಿಲಿಗೆ ಪ್ಯಾಲೆಟ್ ಮೇಲೇ ಒಣಗಿಹೋಗುತ್ತದೆ, ಚಿಕ್ಕ ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯುತ್ತಾ ಇರಬೇಕು. ಗೋಡೆ ಚಿತ್ರಕ್ಕೆ ಒಳ್ಳೆಯದು.

ಪ್ರಿಂಟ್ ಕ್ಲಾಸ್ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಹೊಸಬರು ತಪ್ಪಿಸಿಕೊಳ್ಳುವುದು ಇದನ್ನೇ. ಲಿನೋ ಹಾಳೆಯಲ್ಲಿ ನಾವು ಕೆತ್ತಿ ತೆಗೆದದ್ದು ಬಿಳಿ, ಬಿಟ್ಟದ್ದು ಕಪ್ಪು. ಇಂಕ್ ರೋಲರ್ ಉಬ್ಬಿದ ಜಾಗಕ್ಕೆ ಮಾತ್ರ ಮೆತ್ತುತ್ತದೆ. ಎಡ ಬಲ ತಿರುಗುಮುರುಗು ಆಗುವುದರಿಂದ ಅಕ್ಷರ ಇದ್ದರೆ ಕನ್ನಡಿಯಲ್ಲಿ ನೋಡಿ ಕೆತ್ತಬೇಕು. ಲಿನೋ ಬೆಚ್ಚಗಿದ್ದರೆ ಸಲೀಸಾಗಿ ಕೆತ್ತಬಹುದು. ನಮ್ಮ ಬೇಸಿಗೆಯಿಂದ ಕಲಾವಿದರಿಗೆ ಆಗುವ ಉಪಕಾರ ಇದೊಂದೇ ಇರಬೇಕು. ಪ್ರೆಸ್ ಖಾಲಿ ಇಲ್ಲದಿದ್ದರೆ ಚಮಚದ ಹಿಂಭಾಗದಿಂದ ಹಾಳೆಯನ್ನು ಉಜ್ಜಿದರೂ ಪ್ರಿಂಟ್ ಬರುತ್ತದೆ. ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ, ಮುಂದೆ ಬೇಡ.

ಎಚಿಂಗ್‌ನಲ್ಲಿ ಇದೂ ತಿರುಗುತ್ತದೆ. ಸತುವಿನ ತಗಡಿನ ಮೇಲೆ ಮೇಣದಂಥ ಪದರ ಬಳಿದು, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಬಿಟ್ಟರೆ ಗೀರಿದ ಗೆರೆ ತಗ್ಗಾಗುತ್ತದೆ. ಇಂಕ್ ಕೂರುವುದು ಆ ತಗ್ಗಿನಲ್ಲಿ. ಇಲ್ಲಿ ಕೆತ್ತಿದ್ದು ಕಪ್ಪು.

ಎಚಿಂಗ್ ಕಲಿತ ಮೇಲೆ ಒಮ್ಮೆ ಬೀದರ್‌ಗೆ ಹೋಗಿ ಬಿದ್ರಿ ಕೆಲಸ ನೋಡಿ. 2017ರಿಂದ ನೇರ ರೈಲು ಮಾರ್ಗವೂ ಇದೆ. ಅಲ್ಲಿಯೂ ಲೋಹ ಹೆಚ್ಚಾಗಿ ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಅಲ್ಲಿಯೂ ಗೆರೆಯನ್ನು ತಗ್ಗಾಗಿ ಕೆತ್ತುತ್ತಾರೆ. ಆದರೆ ತಗ್ಗಿನಲ್ಲಿ ತುಂಬುವುದು ಬೆಳ್ಳಿ, ಅಂದರೆ ಕೆತ್ತಿದ್ದು ಬಿಳಿ. ಹೂಜಿಯನ್ನು ಎರಕ ಹೊಯ್ದು, ಅರದಿಂದ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಉಜ್ಜುತ್ತಾರೆ. ಅದು ತಾತ್ಕಾಲಿಕ ಕಪ್ಪು, ಮೊನೆಯಿಂದ ಎಳೆದ ಗೆರೆ ಕಾಣಲಿ ಅಂತ ಅಷ್ಟೇ. ಕೆತ್ತಿ, ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಕೂರಿಸಿ, ಮತ್ತೆ ಅರ ಹಾಕಿದಾಗ ಆ ಕಪ್ಪೆಲ್ಲ ಹೋಗುತ್ತದೆ. ಆಗ ಸತು ಯಾವುದು, ಬೆಳ್ಳಿ ಯಾವುದು ಗೊತ್ತೇ ಆಗುವುದಿಲ್ಲ. ಇಷ್ಟು ದಿನ ಪಟ್ಟ ಕಷ್ಟ ಎಲ್ಲಾ ಮಾಯ. ಕೊನೆಗೆ ವಸ್ತುವನ್ನು ತುಸು ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ್ದನ್ನು ಉಜ್ಜುತ್ತಾರೆ. ಸತು ಕಡುಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮಣ್ಣು ಸರಿಯಾಗಿದೆಯೋ ಇಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ.

ಅಲ್ಲಿ ಬಿಳಿಯನ್ನೇ ಮೊದಲು ತಂದು ಕೂರಿಸುತ್ತಾರೆ, ಕಪ್ಪು ಕೊನೆಗೆ. ನಾವು ಕಾಲೇಜಿನಲ್ಲಿ ಕಲಿತ ಯಾವ ಮಾಧ್ಯಮದಲ್ಲೂ ಈ ಕ್ರಮ ಇರಲಿಲ್ಲ. ಅದನ್ನು ನೋಡಿಕೊಂಡು ಬಂದ ಮೇಲೆ ನಾನು ಹಾಳೆಯ ಮೇಲೆ ಬಿಳಿ ಮೇಣದ ಕಡ್ಡಿಯಿಂದ ಚಿತ್ರ ಬರೆದು, ಮೇಲೆ ಕಪ್ಪು ಇಂಕ್ ಹರಿಸುವುದನ್ನು ಶುರು ಮಾಡಿದೆ. ಮೇಣ ಇದ್ದ ಕಡೆ ಇಂಕ್ ಹಿಡಿಯುವುದಿಲ್ಲ. ಬರೆಯುವಾಗ ಬಿಳಿಯ ಮೇಲೆ ಬಿಳಿ, ಏನೂ ಕಾಣುವುದಿಲ್ಲ, ಕೈಯನ್ನು ನಂಬಿ ಹೋಗಬೇಕು. ಈಗ ನನ್ನ ಕೊನೇ ವರ್ಷದ ಕೆಲಸವೆಲ್ಲ ಅದರಲ್ಲೇ ನಡೆದಿದೆ. ಮೊದಲ ವರ್ಷವೇ ಪೆನ್ಸಿಲ್ ಅಥವಾ ಆಯಿಲ್ ಅಂತ ಗಟ್ಟಿ ಮಾಡಿಕೊಂಡು ಕೂತಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ.

ಮಣ್ಣು ಮತ್ತು ಕಲ್ಲಿನಲ್ಲಿ ನಾವು ಬಿಳಿಯನ್ನು ಮಾಡುವುದೇ ಇಲ್ಲ, ಕಿಟಕಿ ಮಾಡುತ್ತದೆ. ಒಂದು ತಲೆ ಮಾಡಿ, ಟೇಬಲ್ ಸಮೇತ ತಿರುಗಿಸಿ ನೋಡಿ, ಬೇರೆಯದೇ ಮುಖ ಕಾಣುತ್ತದೆ. ನಮ್ಮ ಕಪ್ಪು ಎರೆ ಮಣ್ಣನ್ನು ಹಾಗೇ ಬಳಸಬೇಡಿ, ಒಣಗುವಾಗ ಹೊಲದ ಹಾಗೇ ಬಾಯಿ ಬಿಡುತ್ತದೆ. ಕೆರೆ ಮಣ್ಣಿಗೆ ಸಣ್ಣ ಮರಳು ಬೆರೆಸಿ, ರಾತ್ರಿ ಒದ್ದೆ ಬಟ್ಟೆ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್. ನಮ್ಮ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿ ಬೌದ್ಧ ಸ್ತೂಪದ ಶಿಲ್ಪಗಳನ್ನು ನೋಡಲು ಹೋದರೆ ಬೆಳಿಗ್ಗೆ ಅಥವಾ ಸಂಜೆ ಹೋಗಿ. ಬ್ರಾಹ್ಮಿಯಲ್ಲಿ 'ರಾಯ ಅಸೋಕೋ' (ರಾಜ ಅಶೋಕ) ಅಂತ ಬರೆದಿರುವ ಅಶೋಕನ ಫಲಕ ಸಿಕ್ಕಿದ್ದು ಅಲ್ಲೇ. ಸುಣ್ಣಕಲ್ಲಿನಲ್ಲಿ ತೆಳುವಾಗಿ ಎಬ್ಬಿಸಿದ ಉಬ್ಬು ಕೆತ್ತನೆ ಅದು. ಓರೆ ಬಿಸಿಲಿದ್ದರೆ ಮಡಿಕೆ ಮಡಿಕೆಯೂ ಕಾಣುತ್ತದೆ, ನಡು ಮಧ್ಯಾಹ್ನ ಹೋದರೆ ಎಲ್ಲಾ ಚಪ್ಪಟೆ.

ಈಗ ದುಡ್ಡಿನ ಪ್ರಶ್ನೆ. ಕಾಲೇಜ್ ಶುರುವಾಗುವ ಮೊದಲು ಏನೂ ಕೊಳ್ಳಬೇಡಿ. ಬಣ್ಣದ ದೊಡ್ಡ ಸೆಟ್ ಯಾವ ಕಾಲಕ್ಕೂ ಬೇಡ. ಎರಡು ಹಳದಿ, ಎರಡು ಕೆಂಪು, ಎರಡು ನೀಲಿ, ಒಂದು ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಬಿಡಿ ಟ್ಯೂಬ್ ತಗೊಂಡರೆ ವಾಟರ್ ಕಲರ್‌ನ ಮೊದಲ ವರ್ಷ ಕಳೆಯುತ್ತದೆ. ಲಿನೋ ಉಳಿಗಳ ಸೆಟ್ ಇಬ್ಬರು ಮೂವರು ಸೇರಿ ಒಂದು ಸಾಕು, ರೋಲರ್ ಮತ್ತು ಇಂಕ್ ಕಾಲೇಜಿನಲ್ಲೇ ಇರುತ್ತದಾ ಅಂತ ಮೊದಲು ಕೇಳಿ. ಆಯಿಲ್ ಕುಂಚಗಳನ್ನು ಕೊನೇ ವರ್ಷದವರು ಹೋಗುವಾಗ ಕೊಟ್ಟು ಹೋಗುತ್ತಾರೆ, ಸೀನಿಯರ್ ಅಕ್ಕಂದಿರ ಹತ್ತಿರ ಮೊದಲೇ ಹೇಳಿಟ್ಟಿರಿ. ಆದರೆ ಆಯಿಲ್‌ಗೆ ಬಳಸಿದ ಕುಂಚವನ್ನು ವಾಟರ್ ಕಲರ್‌ಗೆ ತರಬೇಡಿ, ಎಷ್ಟು ಸೋಪು ಹಾಕಿ ತೊಳೆದರೂ ಎಣ್ಣೆಯ ಜಿಡ್ಡು ಸ್ವಲ್ಪ ಉಳಿಯುತ್ತದೆ, ವಾಷ್ ನಡುವೆ ಬಣ್ಣ ಹಿಡಿಯದ ಕಣ್ಣು ಕಣ್ಣು ಬೀಳುತ್ತದೆ.