ಟ್ರಸ್ಟ್ ಮಾಡುವ ಮೊದಲು ಒಮ್ಮೆ ಪರೇಲಿಗೆ ಹೋಗಿ ಬನ್ನಿ

ಭಜನಾ ಮಂಡಳಿಯ ವತಿಯಿಂದ ಬಡರೋಗಿಗಳ ಸೇವೆ ಮಾಡಬೇಕೆಂದಿದ್ದೀರಿ. ಮೊದಲು ಟ್ರಸ್ಟ್ ನೋಂದಾಯಿಸಬೇಕೇ, ನಿಧಿ ಕೂಡಿಸಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಶನಿವಾರದ ಮಂಡಳಿಗೆ ನಾನು ಕಾರ್ಯದರ್ಶಿಯಾಗಿದ್ದ ವರ್ಷ ನಾವು ಮೊದಲು ನಿಧಿ ಕೂಡಿಸಿದೆವು, ಅದಕ್ಕಾಗಿಯೇ ಎಡವಿದೆವು.

ಮುಂಬಯಿಯ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಬಳಿ, ಜೇರ್ಬಾಯಿ ವಾಡಿಯಾ ರಸ್ತೆಯ ಫುಟ್‌ಪಾತಿನಲ್ಲಿ ದಿನ ಕಳೆಯುವ ರೋಗಿಗಳಿಗೆ ದ್ವಾದಶಿಯಂದು ಅನ್ನದಾನ ಮಾಡುವುದೆಂದು ತೀರ್ಮಾನವಾಯಿತು. ತಪ್ಪು ಇಲ್ಲಿಯೇ ಇರುವುದರಿಂದ ಬಿಡಿಸಿ ಹೇಳುತ್ತೇನೆ. ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡಿದೆವು. ಪೊಟ್ಟಣಗಳ ಲೆಕ್ಕವನ್ನು ರಶೀದಿ ಪುಸ್ತಕ ನೋಡಿ ಹಾಕಿದೆವು. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಒಯ್ಯುವಾಗ ಹಳಸಬಾರದೆಂದು ಪುಳಿಯೋಗರೆ ಮಾಡಿಸಿದೆವು. ದಾನಿಗಳ ಹೆಸರನ್ನು ಪೊಟ್ಟಣದ ಮೇಲೆ ಅಚ್ಚುಹಾಕಿಸುವ ವಿಷಯಕ್ಕೇ ಎರಡು ಸಭೆಗಳು ನಡೆದವು. ಆದರೆ ಅದನ್ನು ಉಣ್ಣುವವರು ಯಾರು, ಅವರ ಬಾಯಿಯ ಸ್ಥಿತಿ ಹೇಗಿದೆ ಎಂದು ಒಮ್ಮೆಯಾದರೂ ಪರೇಲಿಗೆ ಹೋಗಿ ವಿಚಾರಿಸಿ ಬರಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.

ತಂಬಾಕು, ಗುಟ್ಕಾದಿಂದ ಬಾಯಿಯ ಕ್ಯಾನ್ಸರ್ ಹಿಡಿದವರು ಅಲ್ಲಿ ಬಹಳ ಮಂದಿ. ವಿಕಿರಣ ಚಿಕಿತ್ಸೆಯಲ್ಲಿರುವವರ ಬಾಯಿ, ಗಂಟಲುಗಳಲ್ಲಿ ಹುಣ್ಣಾಗಿರುತ್ತದೆ. ಕೆಲವರಿಗೆ ಮೂಗಿನ ನಳಿಕೆಯಿಂದಲೇ ಹಾಲು, ಗಂಜಿ ಹೋಗಬೇಕು. ಅಂಥವರ ಕೈಗೆ ನಾವು ಹುಣಿಸೆ ಮತ್ತು ಮೆಣಸಿನಕಾಯಿಯ ಅನ್ನವನ್ನಿಟ್ಟೆವು. ರಾಯಚೂರು ಕಡೆಯ ಒಬ್ಬ ತಾಯಿ ಪೊಟ್ಟಣ ಬಿಚ್ಚಿ ನೋಡಿ, “ಯಪ್ಪಾ, ಇದು ನನಗಾತು, ಇವರಿಗೇನ್ ಕೊಡ್ಲಿ? ಗಂಟಲಾಗ ನೀರು ಸೈತ ಇಳಿವಲ್ದು” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅರ್ಧದಷ್ಟು ಪೊಟ್ಟಣಗಳು ಟ್ಯಾಕ್ಸಿ ಚಾಲಕರ ಪಾಲಾದವು (ಅವರಿಗೆ ರುಚಿಸಿತು ಎಂಬುದೂ ನಿಜ), ಮಂಡಳಿಯ ಇಡೀ ವರ್ಷದ ನಿಧಿ ಒಂದೇ ಮಧ್ಯಾಹ್ನ ಕರಗಿತು.

ಆ ತಾಯಿ ಅನಂತರ ತಮ್ಮ ಫೈಲನ್ನು ನನ್ನ ಮುಂದೆ ಹಿಡಿದರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹಿಂದಿಯಲ್ಲಿ ಹೇಳಿದ್ದು ತಿಳಿಯದೆ ಗಂಡನಿಗೆ ನಳಿಕೆಯಲ್ಲಿ ಗಂಜಿ ಹಾಕಿ ಕರೆದೊಯ್ದಿದ್ದರಿಂದ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಅದನ್ನು ಕನ್ನಡದಲ್ಲಿ ವಿವರಿಸಲು ನನಗೆ ಐದು ನಿಮಿಷ ಸಾಕಾಯಿತು, ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಎನ್ನುತ್ತೇನೆ. ಹೊರಗಿನವರಿಂದ ಹಣ ಎತ್ತುವ ದಿನ ಬಂದರೆ ಟ್ರಸ್ಟ್ ನೋಂದಣಿಗೆ ವರ್ಲಿಯ ಧರ್ಮಾದಾಯ ಆಯುಕ್ತರ ಕಚೇರಿಗೆ ಹೋದರಾಯಿತು. ಭಜನಾ ಮಂಡಳಿಯ ನಿಜವಾದ ಬಂಡವಾಳ ವಾರ ತಪ್ಪದೆ ಬರುವ ಜನ. ಇಂಥ ಸೇವೆಯ ಮಾತು ಬಂದಾಗ “ಇದರಲ್ಲಿ ದೇವರೆಲ್ಲಿದ್ದಾನೆ?” ಎಂದು ನಮ್ಮ ಹಿರಿಯರೊಬ್ಬರು ಆಕ್ಷೇಪಿಸಿದ್ದರು, ಗುಡಿ ಕಟ್ಟುವ ಬದಲು ಧರ್ಮಶಾಲೆಗಳನ್ನು ಕಟ್ಟಿಸಿದ ಗಾಡಗೆ ಮಹಾರಾಜರ ಹೆಸರಿನ ದಾದರಿನ ಧರ್ಮಶಾಲೆಗೆ, ಕ್ಯಾನ್ಸರ್ ರೋಗಿಗಳು ತಂಗುವ ಆ ಜಾಗಕ್ಕೆ, ಅವರನ್ನು ಕರೆದೊಯ್ದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ.

ಈಗ ನಮ್ಮವರು ಸರದಿಯ ಪ್ರಕಾರ ವಾರಕ್ಕೆರಡು ಬೆಳಿಗ್ಗೆ ಆಸ್ಪತ್ರೆಗೆ ದುಭಾಷಿಗಳಾಗಿ ಹೋಗುತ್ತಾರೆ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ರಕ್ತಕಣ) ಕೊಡಬಲ್ಲ ಸದಸ್ಯರ ಪಟ್ಟಿಯೊಂದನ್ನೂ ಇಟ್ಟುಕೊಂಡಿದ್ದೇವೆ. ಕೀಮೋಥೆರಪಿಯಲ್ಲಿ ಇದರ ಅಗತ್ಯ ಹಠಾತ್ತನೆ ಬೀಳುತ್ತದೆ, ಸಂಗ್ರಹಿಸಿದ ಪ್ಲೇಟ್‌ಲೆಟ್ 5 ದಿನಗಳಿಗಿಂತ ಹೆಚ್ಚು ಉಳಿಯುವುದಿಲ್ಲವಾದ್ದರಿಂದ ಶಿವರಾತ್ರಿಗೊಮ್ಮೆ ಬ್ಯಾನರ್ ಕಟ್ಟಿ ನಡೆಸುವ ರಕ್ತದಾನ ಶಿಬಿರ ಈ ಕೆಲಸಕ್ಕೆ ಒದಗದು.

ನೀವೂ ಭಾನುವಾರ ಬಿಟ್ಟು ವಾರದ ಯಾವುದಾದರೊಂದು ಬೆಳಿಗ್ಗೆ, ಬರಿಗೈಯಲ್ಲಿ, ಇಬ್ಬರೇ ಹೋಗಿ. ಕನ್ನಡದವರನ್ನು ಹುಡುಕುವುದು ಕಷ್ಟವಲ್ಲ, ಆ ಫುಟ್‌ಪಾತಿನಲ್ಲಿ ನಿಂತು “ಯಾವ ಊರ್ರೀ ನಿಮ್ಮದು?” ಎಂದು ತುಸು ಗಟ್ಟಿಯಾಗಿ ಕೇಳಿದರೆ ನಾಲ್ಕು ತಲೆಗಳು ತಿರುಗುತ್ತವೆ.