ಬರೆದುಕೊಟ್ಟರೆ ಹಾಡ್ತೀನಿ ಮಿಸ್

ತಾಯಿಯ ಜೊತೆ ನನ್ನ ಬಳಿ ಸಲಹೆಗೆ ಬಂದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಶಾಲೆಯಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಾಳೆ. ಗೀತೆ, ವರ್ಣ, ಕೃತಿ, ಹೀಗೆ ಮೊದಲೇ ರಚಿಸಿಟ್ಟದ್ದೆಲ್ಲ ಬಾಯಿಪಾಠ. ಶ್ರುತಿ, ತಾಳ ಎರಡೂ ಗಟ್ಟಿ. ತೊಂದರೆ ಶುರುವಾಗಿದ್ದು ಕಲ್ಪನಾಸ್ವರಕ್ಕೆ, ಅಂದರೆ ರಾಗದ ಸ್ವರಗಳನ್ನು ಆಗಿಂದಾಗಲೇ ತಾನೇ ಹೆಣೆದು ಹಾಡುವುದಕ್ಕೆ, ಬಂದಾಗ. ಟೀಚರ್ ಮೋಹನ ರಾಗ ಹಿಡಿದು, ‘ಒಂದೇ ಆವರ್ತ (ತಾಳದ ಒಂದು ಸುತ್ತು), ನಿನಗೆ ತೋಚಿದ್ದು ಹಾಡು’ ಅಂದರೆ ಗಂಟಲು ಕಟ್ಟುತ್ತದೆ. ಬರೆದುಕೊಟ್ಟರೆ ಸಲೀಸಾಗಿ ಹಾಡುತ್ತಾಳೆ. ಸಂಗೀತದ ಪೀರಿಯಡ್ ಇರುವ ದಿನ ಹೊಟ್ಟೆನೋವು ಬೇರೆ. ಡಾಕ್ಟರು ನೋಡಿ ಏನೂ ಇಲ್ಲ ಅಂದಿದ್ದಾರೆ.

ತಾಯಿ ಕೇಳಿದ್ದು ಇಷ್ಟು: ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಬಿಡಿಸಿಬಿಡೋದಾ ಮೇಡಂ? ನೀವೇ ಹೇಳಿ.’

ಹುಡುಗಿ ಹೇಳಿದ್ದು: ‘ನನಗೆ ಕಲ್ಪನೆ ಇಲ್ಲ. ನಾನಿರೋದೇ ಹೀಗೆ.’

ಈ ಮಾತಿಗೆ ನಾನು ಬೇಗ ತಲೆಯಾಡಿಸುವುದಿಲ್ಲ. 1945ರ ಪ್ಯಾರಿಸ್ ಉಪನ್ಯಾಸದಲ್ಲಿ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ವಾದಿಸಿದ್ದು ಇದರ ವಿರುದ್ಧವೇ. ಮನುಷ್ಯ ಮೊದಲು ಇರುತ್ತಾನೆ, ಎಂಥವನು ಅನ್ನುವುದು ಅವನು ಮಾಡುವುದರಿಂದ ಆಮೇಲೆ ಆಗುತ್ತದೆ. ‘ಇರೋದೇ ಹೀಗೆ’ ಅಂದುಬಿಟ್ಟರೆ ಆಯ್ಕೆಯ ಕಷ್ಟ ತಪ್ಪಿತು, ಅಲ್ವಾ? ಮೋಹನದಲ್ಲಿ ಇರುವುದು ಐದೇ ಸ್ವರ. ಆದರೂ ಗಾಂಧಾರದಿಂದ (‘ಗ’ ಸ್ವರ) ಮೇಲಕ್ಕೋ ಕೆಳಕ್ಕೋ, ಯಾರೂ ಹೇಳಿಕೊಡುವುದಿಲ್ಲ. ಕೃತಿಯಲ್ಲಿ ತಪ್ಪಿದರೆ ಮರೆವು. ಇಲ್ಲಿ ತಪ್ಪಿದರೆ ತಾನೇ ತಪ್ಪು ಅಂತ ಅವಳಿಗೆ ಅನಿಸುತ್ತದೆ. 1844ರಲ್ಲೇ ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಇಂಥ ಕಳವಳವನ್ನು ಸ್ವಾತಂತ್ರ್ಯದ ತಲೆಸುತ್ತು ಅಂದಿದ್ದ. ಆಯ್ಕೆ ಇರುವಲ್ಲಿ ಅದೂ ಇರುತ್ತದೆ. ಹಾಗಾಗಿ ಭಯ ಪೂರ್ತಿ ಹೋಗಲಿ ಅಂತ ಕಾಯುವುದು ಬೇಡ ಅಂದೆ.

ನನ್ನೆದುರೇ ಅರ್ಧ ಆವರ್ತ ಹಾಡು ಅಂದೆ. ತೊಡೆಯ ಮೇಲೆ ತಾಳ ಹಾಕಿ ‘ಗ ಪ ದ ಪ ಗ ರಿ’ ಅಂದಳು. ತಕ್ಷಣ ನನ್ನ ಮುಖ ನೋಡಿ, ‘ಸರಿನಾ?’

‘ನಿನಗೆ ಹೇಗನಿಸ್ತು?’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪ ಇನ್ನೊಂಚೂರು ಎಳೀಬೇಕಿತ್ತು.’

ದಿನಾ ಹೀಗೆ ಅರ್ಧ ಆವರ್ತ ಹಾಡಿ, ಯಾವುದು ಇಷ್ಟವಾಯಿತು, ಯಾವುದು ಆಗಲಿಲ್ಲ ಅಂತ ತಾನೇ ಹೇಳಿಕೊಳ್ಳುವುದು ಅವಳ ಅಭ್ಯಾಸ. ರೆಕಾರ್ಡ್ ಮಾಡಿ ಯಾರಿಗೂ ಕಳಿಸುವಂತಿಲ್ಲ. ಟೀಚರಿಗೆ ಕೇಳಿಕೊಂಡಿದ್ದು, ಸದ್ಯಕ್ಕೆ ಶಭಾಷ್ ಕೂಡ ಬೇಡ, ಅವಳು ಅದಕ್ಕೇ ಕಾಯುತ್ತಾಳೆ. ರಾಗ ತಪ್ಪಿದರೆ ಮಾತ್ರ ತಿದ್ದಲಿ. ಮೋಹನದಲ್ಲಿ ಆ ಐದರಲ್ಲಿಲ್ಲದ ಮಧ್ಯಮ (‘ಮ’) ಹಾಕುವುದು ಸ್ವಾತಂತ್ರ್ಯವಲ್ಲ, ಅದು ಮೋಹನವೇ ಅಲ್ಲ!

ಇನ್ನು ತಾಯಿ. ಯುದ್ಧಕಾಲದಲ್ಲಿ, ಅಮ್ಮನ ಜೊತೆ ಇರಲೋ ಹೋರಾಟಕ್ಕೆ ಹೋಗಲೋ ಎಂದು ಕೇಳಿದ ಶಿಷ್ಯನಿಗೆ ಸಾರ್ತ್ರ್, ನೀನು ಸ್ವತಂತ್ರ, ನೀನೇ ಆರಿಸಿಕೋ ಅಂದಿದ್ದನಂತೆ. ಮಗಳ ಹೊಟ್ಟೆನೋವು ನೋಡುತ್ತಿರುವ ಅಮ್ಮನಿಗೆ ಅಷ್ಟು ಒಣ ಉತ್ತರ ಸಾಲದು. ನಾನಂದೆ: ನೋವು ಬಂದ ದಿನ ತೀರ್ಮಾನ ಬೇಡ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವಳೇ ಹೇಳಲಿ. ಬಿಡ್ತೀನಿ ಅಂದರೆ ಕಾರಣ ಕೇಳಿ, ವಾದಕ್ಕಿಳಿಯಬೇಡಿ.